ಎಷ್ಟು ಡಿಗ್ರಿಗೆ ಆವಿಯಾಗ್ತಿದ್ದೀಯಪ್ಪಾ?

ಅಸ್ಸಲಾಮು ಅಲೈಕುಮ್. ಪಾಕ್ ಡಾರ್ಸೊನೊ ಅವರ ಪತ್ನಿ ಬು ಸುಮಿರಾ ಅವರೇ, ಅವರ ಹೆಣ್ಣುಮಕ್ಕಳೇ, ಹೆಡ್‌ಮಾಸ್ಟರ್ ಅವರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ — ಹಿಂದೆ ನಿಂತವರು ಮುಂದೆ ಬನ್ನಿ, ಫ್ಯಾನು ಇಲ್ಲಿದೆ.

ನಾನು ಬು ರತ್ಮಿ, ಇತಿಹಾಸದ ಟೀಚರ್. ಸ್ಟಾಫ್ ರೂಮಿನಲ್ಲಿ ಹದಿನೇಳು ವರ್ಷ ಕೆಮಿಸ್ಟ್ರಿ ಮೇಷ್ಟ್ರು ಪಾಕ್ ಡಾರ್ಸೊನೊ ಅವರ ಪಕ್ಕದ ಕುರ್ಚಿ ನನ್ನದು. ದಣಿದಿದ್ದೇನೆ. ಮಾತು ಹಿಂದುಮುಂದಾದರೆ ಕ್ಷಮಿಸಿ.

ನಮ್ಮ ಭಾಷೆಯ ‘ಮೆಂಗುವಾಪ್’ ಅಂದರೆ ನಮಗೆಲ್ಲ ಆಕಳಿಸೋದು. ಅವರ ಕೆಮಿಸ್ಟ್ರಿ ಪುಸ್ತಕದಲ್ಲಿ ಅದೇ ಪದಕ್ಕೆ ಆವಿಯಾಗೋದು ಅಂತ ಅರ್ಥ. "ಒಂದೇ ಪದಕ್ಕೆ ಎರಡು ಕೆಲಸ, ನನ್ನ ಹಾಗೇ" ಅನ್ನೋರು. ಇನ್ನೊಬ್ಬ ಕೆಮಿಸ್ಟ್ರಿ ಮೇಷ್ಟ್ರ ಜಾಗ ಖಾಲಿ ಬಿದ್ದು ಎರಡು ವರ್ಷ. ಆ ಪಾಠವೂ ಇವರದೇ.

ಮಧ್ಯಾಹ್ನದ ಕೊನೇ ಪೀರಿಯಡ್, ನಮ್ಮ ಟೆಗಾಲ್ ಊರಿನ ಸೆಖೆ. ಯಾರಾದರೂ ಆಕಳಿಸೋಕೆ ಬಾಯಿ ತೆರೆದರೆ ಸಾಕು — ಹೀಗೆ, ಕನ್ನಡಕ ಮೂಗಿನ ತುದಿಗಿಳಿಸಿ — "ಎಷ್ಟು ಡಿಗ್ರಿಗೆ ಆವಿಯಾಗ್ತಿದ್ದೀಯಪ್ಪಾ?" ಒಂದು ಸಲ ವಿಂದರ್ತಿ ಅಂದಳು, "ಕುದಿಯದೇನೇ ಹೋಗ್ತಿದ್ದೀನಿ ಪಾಕ್." ಸರಿಯುತ್ತರ ಅಂತ ಹತ್ತಕ್ಕೆ ಹತ್ತು ಕೊಟ್ಟರು.

ಪ್ರತಿ ವರ್ಷ ಅರ್ಧ ಕ್ಲಾಸು ಒಂದೇ ತಪ್ಪು ಬರೆಯೋದು — ನೀರು ಕುದಿದರೆ ಹೈಡ್ರೋಜನ್ ಬೇರೆ, ಆಕ್ಸಿಜನ್ ಬೇರೆ ಆಗುತ್ತೆ ಅಂತ. ಇವರು ಕೆಂಪು ಪೆನ್ನಲ್ಲಿ ಬರೆಯೋರು, "ನೀರು ನೀರೇ." ಅಣು ಒಡೆಯೋದಿಲ್ಲ, ಪಕ್ಕದ ಅಣುವಿನ ಕೈ ಬಿಡುತ್ತೆ, ಅಷ್ಟೇ. ಕೈ ಗಟ್ಟಿ ಹಿಡಿದಷ್ಟೂ ಹೋಗೋದು ತಡ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ಪಕ್ಕದ ಕುರ್ಚಿಯವಳು ನಾನು. ನಾನು ಹಿಡಿಯಲಿಲ್ಲ.

ಬು ಸುಮಿರಾ, ಇದನ್ನ ನಿಮ್ಮ ಮನೇಲಿ ಹೇಳೋಕೆ ಆಗಲಿಲ್ಲ. ನೀವು ಚಹಾ ಬಗ್ಗಿಸಿಕೊಟ್ಟಿರಿ, ನಾನು ಕಲ್ಲುಸಕ್ಕರೆ ಕರಗೋ ಮೊದಲೇ ಎದ್ದು ಬಂದೆ. ಆ ಗುರುವಾರ ಅವರು ನನ್ನನ್ನ ಕೇಳಿದ್ದರು — "ಬು, ಶನಿವಾರದ ನನ್ನ ಎರಡು ಪೀರಿಯಡ್ ನೋಡ್ಕೋತೀರಾ? ಎದೆ ಯಾಕೋ ಭಾರ, ಡಾಕ್ಟರಿಗೆ ತೋರಿಸ್ಬೇಕು." ನಾನು — ಅವರ ಮುಖಕ್ಕೇ ಆಕಳಿಸಿದೆ. ಅವರು ನಕ್ಕುಬಿಟ್ಟರು. "ಬಿಡಿ ಬಿಡಿ, ನೀವೇ ನನಗಿಂತ ಮೊದಲು ಆವಿಯಾಗೋ ಹಾಗಿದ್ದೀರಿ." ನಾನೂ ನಕ್ಕೆ. ನೋಡ್ಕೋತೀನಿ ಅನ್ನಲಿಲ್ಲ. ಶನಿವಾರ ಎರಡನೇ ಪೀರಿಯಡ್‌ನಲ್ಲಿ ಅವರು ಕಪ್ಪುಹಲಗೆ ಮುಂದೆ ಕುಸಿದರು, ಮತ್ತೆ ಏಳಲಿಲ್ಲ.

ಹಿಂದೊಮ್ಮೆ ನನ್ನ ಮಣಿಕಟ್ಟಿಗೆ ಒಂದು ಹನಿ ಸ್ಪಿರಿಟ್ ಸವರಿ ಕೇಳಿದ್ದರು, "ತಣ್ಣಗಾಯ್ತಾ? ಹೋಗೋದು ಬಿಸಿ ತಗೊಂಡೇ ಹೋಗುತ್ತೆ ಬು. ಉಳಿದದ್ದು ತಣ್ಣಗಾಗುತ್ತೆ." ಆಗ ಹೂಂ ಅಂದಿದ್ದೆ. ಈ ವಾರ ಆ ಖಾಲಿ ಕುರ್ಚಿ ಪಕ್ಕ ಕೂತು ಅರ್ಥವಾಯಿತು.

ಹೊಸ ಮೇಷ್ಟ್ರು ಬರೋವರೆಗೆ ಶನಿವಾರದ ಆ ಎರಡು ಪೀರಿಯಡ್ ನನ್ನವು, ಹೆಡ್‌ಮಾಸ್ಟರಿಗೆ ಬರೆದುಕೊಟ್ಟಿದ್ದೇನೆ. ನನಗೆ ಕೆಮಿಸ್ಟ್ರಿ ಬರಲ್ಲ. ನೀರು ನೀರೇ ಅನ್ನೋದು ಗೊತ್ತು. ಅಲ್ಲಿಂದ ಶುರು ಮಾಡ್ತೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ. ಮಕ್ಕಳೇ, ಆಕಳಿಕೆ ಬಂದರೆ ತಡೀಬೇಡಿ — ಅವರೇನೂ ಅಂದುಕೊಳ್ಳಲ್ಲ. ಪಕ್ಕದವರ ಕೈ ಮಾತ್ರ ಹಿಡ್ಕೊಳ್ಳಿ. ಗಟ್ಟಿಯಾಗಿ.