ಮೂರೇ ಮೆಟ್ಟಿಲು

…ಎರಡೇ ನಿಮಿಷ ವನಜಾಕ್ಷಿ. ನಾಲ್ಕು ಜನ ಹುಡುಗರನ್ನ ಕರೀತೀನಿ, ವೀಲ್‌ಚೇರ್ ಸಮೇತ ಎತ್ತಿ ಒಳಗಿಡ್ತಾರೆ. ಇರೋದೇ ಮೂರು ಮೆಟ್ಟಿಲು! ಯಾಕೆ ನಗ್ತೀಯ?

ಗೊತ್ತು ಕಣೇ. ಕುಣಿಗಲ್‌ನಲ್ಲಿ ಡಿಗ್ರಿ ಮೂರು ವರ್ಷವೂ ನೀನು ಹಾಗೇ ಎತ್ತಿಸಿಕೊಂಡೆ. "ಇನ್ನು ಯಾರ ಕೈಲೂ ಎತ್ತಿಸಿಕೊಳ್ಳಲ್ಲ ಹೇಮಕ್ಕ, ರ‍್ಯಾಂಪ್ ಇದ್ರೆ ಮಾತ್ರ ತುಮಕೂರಿಗೆ ಎಂ.ಎ.ಗೆ ಬರ್ತೀನಿ" ಅಂದಿದ್ದೆ. ಅದಕ್ಕೇ ತಾನೇ ನಾನು ರ‍್ಯಾಂಪಿನ ಫೋಟೋ ಕಳಿಸಿದ್ದು?

ಇತ್ತು. ಇತ್ತು ಅಂದ್ನಲ್ಲ! ರಿಪೇರಿಗೆ ತೆಗೆದಿರ್ತಾರೆ… ಪ್ರಿನ್ಸಿಪಾಲರನ್ನ ಕೇಳ್ತೀನಿ. ಕೇಳಿ ಕೇಳಿ ನನಗೂ ಸಾಕಾಗಿದೆ. ನಾಲ್ಕು ವರ್ಷದಿಂದ ಪಿಎಚ್.ಡಿ. ಅಂತ ಇದೇ ಕೆಲಸ. ಕಾಲೇಜಿನ ಒಳಗೆ ಯಾರು ಬರ್ತಾರೆ, ಯಾರು ಬಾಗಿಲಿಂದಲೇ ವಾಪಸ್ ಹೋಗ್ತಾರೆ, ಯಾಕೆ… ಗುಬ್ಬಿ, ಕುಣಿಗಲ್ ಎಲ್ಲ ಸುತ್ತಿ ಬರೆದೆ. ಓದಿ ಚಪ್ಪಾಳೆ ತಟ್ಟಿದರು. ಒಂದು ಚೀಲ ಸಿಮೆಂಟು ತರಿಸಲಿಲ್ಲ.

ಇವತ್ತು ಅಡ್ಮಿಷನ್‌ಗೆ ಕೊನೇ ದಿನ. ಅರ್ಜಿ ನಾನೇ ಹೊರಗೆ ತರ್ತೀನಿ, ಇಲ್ಲೇ ಸಹಿ ಹಾಕು. ಕ್ಲಾಸಿಗೆ? ಕ್ಲಾಸಿಗೆ… ನೋಡೋಣ.

ಅಪ್ಪನನ್ನ ಯಾಕೆ ಕೂಗ್ತೀಯ? ಕೆಂಪಯ್ಯನೋರು ಟೀ ಕುಡೀಲಿ ಬಿಡು. ಕತ್ತಲಲ್ಲೇ ಎದ್ದು ಬಂದವ್ರೆ ಪಾಪ.

ಮತ್ತೆ ಮೊಬೈಲ್ ತೆಗೆದೆಯಾ? ಫೋಟೋದಲ್ಲಿ ವೀಲ್‌ಚೇರಲ್ಲಿ ಕೂತಿರೋ ಆ ಹುಡುಗಿ ಯಾರು ಅಂತಲಾ? ಅವಳು… ಗೂಳೂರಿನವಳು. ಹಳೇ ಸ್ಟೂಡೆಂಟ್. ನಾಚಿಕೆ ಸ್ವಭಾವ, ಅದಕ್ಕೇ ಮುಖ ಆ ಕಡೆ ತಿರುಗಿಸಿದ್ದಾಳೆ. ಒಬ್ಬಳೇ ಹತ್ತೋಳು, ಒಬ್ಬಳೇ ಇಳಿಯೋಳು. ಯಾರ ಹಂಗೂ ಇಲ್ಲ.

ಫೋಟೋ ಯಾಕೆ ದೊಡ್ಡದು ಮಾಡ್ತೀಯ? ಅವಳ ಕಾಲಲ್ಲಿ ಏನಿದೆ ನೋಡೋಕೆ?

…ವನಜಾ.

ಈಗ ನನ್ನ ಕಾಲು ಯಾಕೆ ನೋಡ್ತೀಯ? ಈ ಚಪ್ಪಲೀನಾ… ಎಡಗಾಲಿನ ಪಟ್ಟಿ ಕಿತ್ತುಹೋಗಿತ್ತು, ಕೆಂಪು ದಾರದಲ್ಲಿ ಹೊಲಿಸಿದೆ. ಹೊಸದು ತಗೋಬೇಕಿತ್ತು. ತಗೋಬೇಕಿತ್ತು…

ಬೈಯಿ.

ಕಾಲೇಜಿನ ಪರಿಶೀಲನೆಗೆ ಬರೋರಿಗೆ ರ‍್ಯಾಂಪ್ ಇದೆ ಅಂತ ತೋರಿಸೋಕೆ ಒಂದು ಫೋಟೋ ಬೇಕು ಅಂದ್ರು ಪ್ರಿನ್ಸಿಪಾಲರು. ಮೆಟ್ಟಿಲ ಮೇಲೆ ಹಾಸಿದ ಹಲಗೆ ಪೇಂಟರ್ ದ್ಯಾವಪ್ಪಂದು, ಸಂಜೆಗೇ ತಗೊಂಡು ಹೋದ. ವೀಲ್‌ಚೇರ್ ಪಕ್ಕದ ಕ್ಲಿನಿಕ್ಕಿಂದು. ಅದರಲ್ಲಿ ಕೂರೋ ಹುಡುಗಿ ಇಡೀ ಕಾಲೇಜಲ್ಲಿ ಒಬ್ಬಳೂ ಇರಲಿಲ್ಲ. ಹೇಗಿರ್ತಾಳೆ ಹೇಳು, ಮೆಟ್ಟಿಲಿದ್ದಾವಲ್ಲ! ಮುಂದಿನ ವರ್ಷ ನಿಜವಾಗಿಯೂ ಕಟ್ಟಿಸ್ತೀವಿ ಅಂದ್ರು. ನಂಬಿದೆ. ನಿನಗೂ ಕಳಿಸಿದೆ.

ಫೋಟೋ ಆಯ್ತು ವನಜಾ. ನಾನು ಎದ್ದೆ. ವೀಲ್‌ಚೇರ್ ಮಡಚಿ ಕೈಲಿ ಹಿಡ್ಕೊಂಡು, ಇದೇ ಮೂರು ಮೆಟ್ಟಿಲು ಹತ್ತಿ ಒಳಗೆ ಹೋದೆ.