ಕೂಗದವನ ಹತ್ತಿರ ಮೊದಲು

ಕಡಲ ದಡದ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಎಷ್ಟು ಶ್ರೀಮಂತ ಅಂತೀರಿ? ಬಂದರಿನಲ್ಲಿ ಯಾವ ಬೋಟಿಗೆ ಕೈ ತೋರಿಸಿದರೂ ಅದರ ಮೇಲೆ ಅವನ ಮನೆದೇವರ ಹೆಸರೇ ಇರುತ್ತಿತ್ತು. ಅವನ ಒಬ್ಬನೇ ಮಗ ನೌಕಾಪಡೆ ಸೇರಿದ. ಬಂದೂಕು ಹಿಡಿಯುವ ಕೆಲಸವಲ್ಲ. ಹಡಗಿನಲ್ಲಿ ಗಾಯಗೊಂಡವರನ್ನು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವ ಕೆಲಸ.

ಆ ತರಬೇತಿಯಲ್ಲಿ ಏನು ಕಲಿಸುತ್ತಾರೆ ಅಂತ ಮನೆಯವರಿಗೆ ಗೊತ್ತಿತ್ತೇ? ಇಲ್ಲ. ಕೇಳಿದರೇ? ಅದೂ ಇಲ್ಲ. ಮಗ ರಜೆಗೆ ಬಂದರೆ ಸಾಕು, ಜಗಲಿಯಲ್ಲಿ ಸಾಲು. ಚಿಕ್ಕಮ್ಮನ ಮಂಡಿನೋವು, ಮಾವನ ಬಿಪಿ. "ಹಡಗಿನ ಡಾಕ್ಟ್ರೇ, ನಮಗೂ ಒಂದು ಗುಳಿಗೆ ಕೊಡಿ ಮಾರಾಯ್ರೆ!" ಎಂದು ಪಕ್ಕದ ಮನೆಯವರ ತಮಾಷೆ. ಮಗ ನಗುತ್ತಿದ್ದ. ಊಟಕ್ಕೆ ಕೂತಾಗ ಮಾತ್ರ ಅನ್ನ ಕಲಸುತ್ತಾ ಕಲಸುತ್ತಾ ಎಲ್ಲೋ ನೋಡುತ್ತಿದ್ದ. "ಎಂತಾಯ್ತು ಮಗಾ?" ಎಂದು ಯಾರಾದರೂ ಕೇಳಿದರೇ? ನೋಡಿ, ಇದನ್ನು ನೆನಪಿಟ್ಟುಕೊಳ್ಳಿ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮಗ ರಜೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಬಂದರಿನಲ್ಲಿ, ಬಲೆ ಎಳೆಯುವ ಯಂತ್ರವನ್ನು ತಿರುಗಿಸಿ ನೋಡುವಾಗ, ಅದರ ಉಕ್ಕಿನ ಹಗ್ಗ ತುಂಡಾಗಿ ಚಾಟಿಯಂತೆ ಬೀಸಿತು. ಶ್ರೀಮಂತ ಕಾಲು ಮುರಿದುಕೊಂಡು ಬಿದ್ದ. "ಅಯ್ಯಯ್ಯೋ, ಸತ್ತೆ! ಎಲ್ಲಿದ್ದಿ ಮಗಾ?" ಮೀನು ಹರಾಜು ಕೂಗುವವನ ಬಾಯಿಯೇ ಕಟ್ಟಿಹೋಯಿತು, ಅಷ್ಟು ದೊಡ್ಡ ದನಿ. ಅವನ ಆಚೆ, ಐಸು ಪೆಟ್ಟಿಗೆಗಳ ಹತ್ತಿರ, ಒಡಿಶಾದಿಂದ ಬಂದ ಒಬ್ಬ ಆಳೂ ಬಿದ್ದಿದ್ದ. ತೊಡೆ ಸೀಳಿತ್ತು. ಅವನ ಬಾಯಿಂದ ಸದ್ದಿಲ್ಲ.

ಮಗ ಓಡಿ ಬಂದ. ಅಪ್ಪನ ಮುಖ ನೋಡಿದ, ಕಾಲು ನೋಡಿದ. ಆಮೇಲೆ ಏನು ಮಾಡಿದ ಗೊತ್ತೇ? ಮಲಗಿದ ಅಪ್ಪನನ್ನು ದಾಟಿ ಹೋದ. ದಾಟಿ ಹೋದ! ಮಲಗಿದ ಮಗುವನ್ನೂ ದಾಟಬಾರದು ಎನ್ನುವವರು ನಾವು. ಇಡೀ ಬಂದರಿನ ಎದುರು ಅವನು ಹೆತ್ತ ಅಪ್ಪನನ್ನೇ ದಾಟಿ, ಆ ಆಳಿನ ತೊಡೆಗೆ ತನ್ನ ಬೆಲ್ಟು ಬಿಗಿದು, ಗಾಯದ ಮೇಲೆ ಎರಡೂ ಕೈ ಊರಿ ಒತ್ತಿ ಹಿಡಿದು, "ನಿನ್ನ ಹೆಸರೇನು? ಮಾತಾಡು, ಮಾತಾಡು" ಎಂದು ಕೇಳುತ್ತಾ ಕೂತ.

ಸುದ್ದಿ ಕೇಳಿ ಬಂದ ತಾಯಿ ಚೊಂಬಿನಲ್ಲಿ ನೀರು ಹಿಡಿದು ಗಂಡನ ಹತ್ತಿರ ಓಡಿದಳು. ಮಗ ಅಲ್ಲಿಂದಲೇ ಕಿರುಚಿದ: "ನೀರು ಕುಡಿಸ್ಬೇಡಮ್ಮ! ಆಪರೇಷನ್ ಮಾಡ್ಬೇಕಾಗ್ಬಹುದು. ಕಾಲು ಅಲುಗಿಸ್ಬೇಡಿ!"

"ಅಪ್ಪನಿಗೆ ಒಂದು ಗುಟುಕು ನೀರೂ ಇಲ್ವನಾ ಪಾಪಿ!" ಎಂದು ಅಪ್ಪ ಬೈದ. ಆಂಬುಲೆನ್ಸ್ ಬರುವವರೆಗೂ ಬೈದ.

ಇಬ್ಬರೂ ಉಳಿದರು. ಆದರೆ ಮನೆ ಒಡೆಯಿತು. ಅಪ್ಪ ಮಗನ ಜೊತೆ ಮಾತು ಬಿಟ್ಟ. "ನನ್ನ ಹೆಣ ಮುಟ್ಟಲಿಕ್ಕೂ ಅವ ಬರುವುದು ಬೇಡ" ಎಂದ. ರಜೆ ಮುಗಿದು ಮಗ ಚೀಲ ಹೆಗಲಿಗೇರಿಸಿದಾಗ ತಾಯಿಗೆ ತಡೆಯಲಾಗಲಿಲ್ಲ. "ಅಪ್ಪನನ್ನು ದಾಟಿ ಹೋಗ್ಲಿಕ್ಕೆ ಕಲಿಸಿದ್ದಾ ಅಲ್ಲಿ?"

"ಹೌದಮ್ಮ. ಅದನ್ನೇ ಕಲಿಸಿದ್ದು" ಎಂದ ಮಗ. "ತರಬೇತಿಯಲ್ಲಿ ನಮ್ಮವರಿಗೇ ರಕ್ತದ ಹಾಗೆ ಕೆಂಪು ಬಣ್ಣ ಬಳಿದು ಮಲಗಿಸ್ತಾರೆ. ಕೆಲವರು ಕೂಗ್ತಾರೆ, ಒಬ್ಬ ಸುಮ್ಮನಿರ್ತಾನೆ. ಕೂಗುವವನ ಹತ್ತಿರ ಓಡಿದರೆ, ಸುಮ್ಮನಿದ್ದವನನ್ನು ತೋರಿಸಿ, ಇವನನ್ನು ನೀನೇ ಕೊಂದೆ ಅಂತ ಬೈತಾರೆ. ಕೂಗುವವನಿಗೆ ಉಸಿರುಂಟು. ಕೂಗದವನ ಹತ್ತಿರ ಮೊದಲು ಹೋಗ್ಬೇಕು."

ಆಮೇಲೆ, ಅಲ್ಲೇ ಜಗಲಿಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದ. "ನೀವು ಬೈತಾ ಇದ್ರಲ್ಲ ಅಪ್ಪ, ಅದನ್ನು ಕೇಳ್ತಾ ಕೇಳ್ತಾನೇ ನಾನು ಅವನ ಗಾಯ ಒತ್ತಿದ್ದು. ನಿಮ್ಮ ಬೈಗುಳ ನಿಂತಿದ್ದರೆ ನನ್ನ ಎದೆ ಒಡೀತಿತ್ತು."

ಶ್ರೀಮಂತ ಬ್ಯಾಂಡೇಜಿನ ಕಾಲಿನ ಮೇಲಿಂದ ಕಣ್ಣೆತ್ತಿ ಮಗನನ್ನು ನೋಡಿದ. ಕೇಳಿದ: "ಆ ಹುಡುಗನ ಹೆಸರೆಂತ?"

"ಬನಮಾಲಿ."

ತನ್ನ ಬೋಟಿನಲ್ಲೇ ದುಡಿಯುವವನ ಹೆಸರು ಅವನಿಗೆ ಅಂದು ಗೊತ್ತಾಯಿತು! ಮತ್ತೆ ಕೇಳಿದ: "ಹಡಗಿನಲ್ಲಿ… ನಿನ್ನ ಕೈಯಲ್ಲೇ ಹೋದವರು ಉಂಟಾ ಮಗಾ?"

ಮಗ ಚೀಲ ಕೆಳಗಿಟ್ಟ. "ಒಬ್ಬ ಉಂಟಪ್ಪ" ಎಂದ. ಅಪ್ಪನ ಮುರಿದ ಕಾಲಿನ ಪಕ್ಕ ಕುಸಿದು ಕೂತು ಅತ್ತ.

ಈಗ ನನಗೆ ಸಿಟ್ಟು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಆ ಮಗ ಅಷ್ಟು ದಿನ ಅನ್ನ ಕಲಸುತ್ತಾ ಎಲ್ಲೋ ನೋಡುತ್ತಿದ್ದನಲ್ಲ? ಆ ಮನೆಯಲ್ಲಿ ಕೂಗದೆ ಬಿದ್ದಿದ್ದವನು ಯಾರು? ಅವನೇ! ಮಂಡಿನೋವಿನ ಚಿಕ್ಕಮ್ಮ ಕೂಗಿದಳು, ಬಿಪಿ ಮಾವ ಕೂಗಿದ. ಅವನ ಹತ್ತಿರ ಯಾರು ಹೋದರು? ಈ ಭಜನಾ ಮಂದಿರದಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟು ಮನೆಗಳ ಮಕ್ಕಳು ನೌಕಾಪಡೆಯ ಆ ಬಿಳಿ ಸಮವಸ್ತ್ರ ಹಾಕಿದ್ದಾರೆ! ಅವರ ಫೋಟೋಗೆ ಚೌಕಟ್ಟು ಹಾಕಿಸಿದಿರಿ, ನೆಂಟರಿಗೆಲ್ಲ ತೋರಿಸಿದಿರಿ. "ಅಲ್ಲಿ ಏನು ಕಲಿತೆ, ಏನು ಕಂಡೆ, ರಾತ್ರಿ ನಿದ್ದೆ ಬರುತ್ತಾ?" ಎಂದು ಒಮ್ಮೆಯಾದರೂ ಕೇಳಿದಿರಾ?

ಈ ಸಲ ಅವನು ಬಂದಾಗ ಮಾತ್ರೆ ಕೇಳಬೇಡಿ. ರಕ್ತ ನಿಲ್ಲಿಸಲು ಎಲ್ಲಿ ಒತ್ತಬೇಕು, ಬಿದ್ದವರನ್ನು ಹೇಗೆ ಎತ್ತಬೇಕು, ಕೇಳಿ ಕಲಿಯಿರಿ. ಕಲಿಸುತ್ತಾ ಕಲಿಸುತ್ತಾ ಅವನ ಬಾಯಿ ಬಿಚ್ಚಿಕೊಳ್ಳುತ್ತದೆ. ಅವನು ಬಾಯಿ ಬಿಟ್ಟಾಗ ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂರಿ. ಸಮವಸ್ತ್ರದ ಮಗ ಇಲ್ಲದ ಮನೆಯವರೂ ಕೇಳಿ: ಇಂದು ಮನೆಗೆ ಹೋದಾಗ ಯಾರು ಸುಮ್ಮನಿದ್ದಾರೆ ನೋಡಿ. ಸೊಸೆಯೋ, ತಮ್ಮನೋ, ಕೆಲಸದವಳೋ. ಕೂಗುವವರಿಗೆ ಉಸಿರಿದೆ, ಅವರು ಕಾಯುತ್ತಾರೆ. ಅವರನ್ನು ದಾಟಿ ಹೋಗಿ. ಬೈದರೆ ಬೈಯಲಿ, ದಾಟಿ ಹೋಗಿ.