ಇಬ್ಬರು ಒತ್ತುವ ಕಡ್ಡಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಮಾನ್ಯ ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಗಣ್ಯರೇ, ನನಗಿಂತ ಮೊದಲು ಇಷ್ಟು ಸೊಗಸಾಗಿ ಮಾತನಾಡಿ ನನ್ನ ಕೆಲಸ ಕಷ್ಟ ಮಾಡಿಟ್ಟಿರುವ ಭೌತಶಾಸ್ತ್ರದ ಅಧ್ಯಾಪಕರೇ, ಗಣಿತ ವಿಭಾಗದ ವಿದ್ಯಾರ್ಥಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ, ಮತ್ತು ಇಂದು ನಿವೃತ್ತರಾಗುತ್ತಿರುವ ಸನ್ಮಾನಿತರೇ. ಸನ್ಮಾನಿತರು ನನ್ನ ಒಡಹುಟ್ಟಿದ ಅಕ್ಕ. ಅವಳನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಅವಳ ಮುಖ ನೋಡಿದರೆ ಇದೇ ಕೊನೆಯಾಗಲಿ ಎಂಬಂತಿದೆ.

ನನಗೆ ಕೊಟ್ಟಿರುವ ವಿಷಯ, ಆಮಂತ್ರಣದಲ್ಲಿ ಅಚ್ಚಾಗಿರುವಂತೆ, 'ಜಾಲಕ: ಕುಶಲಕಲೆಯಲ್ಲಿ, ವಿಜ್ಞಾನದಲ್ಲಿ, ಗಣಿತದಲ್ಲಿ'. ಅಕ್ಕ ಜೀವಮಾನವಿಡೀ ಗಣಿತದ ಜಾಲಕಗಳ ಮೇಲೆ ಕೆಲಸ ಮಾಡಿದಳು. ನಾನು ಜೀವಮಾನವಿಡೀ ಮರದ ಜಾಲರಿ ಮಾಡಿದೆ. ಅಕ್ಕತಂಗಿಯರನ್ನು ಒಂದೇ ವೇದಿಕೆಯಲ್ಲಿ ಕೂರಿಸಿದರೆ ಚೆನ್ನಾಗಿರುತ್ತದೆ ಎಂದು ಸಂಘಟಕರಿಗೆ ತೋರಿದೆ. ಚೆನ್ನಾಗಿಯೇ ಇದೆ. ಅಡ್ಡಿಯಿಲ್ಲ.

ಆದರೆ ಒಂದು ತೊಂದರೆಯಾಗಿದೆ. ಸ್ವಲ್ಪ ಹೊತ್ತಿನ ಹಿಂದೆ ಅಧ್ಯಕ್ಷರು ಒಂದು ಸಂತೋಷದ ಸುದ್ದಿ ಹೇಳಿದರು. ಸನ್ಮಾನಿತರು ಮನೆಯಲ್ಲಿ ಸುಮ್ಮನೆ ಕೂರುವವರಲ್ಲ, ಸಮುದ್ರದಾಚೆಯ ದೇಶವೊಂದರಲ್ಲಿ ಹೊಸ ವಿಭಾಗ ಕಟ್ಟಲು ಮುಂದಿನ ತಿಂಗಳೇ ಹೊರಡುತ್ತಿದ್ದಾರೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ನನಗೂ ಆ ಸುದ್ದಿ ನಿಮ್ಮ ಜೊತೆಗೇ ಗೊತ್ತಾದದ್ದು. ಹೀಗಾಗಿ ನಾನು ಬರೆದುಕೊಂಡು ಬಂದ ಭಾಷಣದ ಕೊನೆಯ ಪುಟ ಕೆಲಸಕ್ಕೆ ಬಾರದಂತಾಗಿದೆ. ಅದರಲ್ಲಿ ಏನಿತ್ತು ಎಂದು ಮುಚ್ಚಿಡುವುದೇಕೆ? ಅಕ್ಕ ಇನ್ನು ಮನೆಗೆ ಬರುತ್ತಾಳೆ, ನಮ್ಮ ಕಾರ್ಖಾನೆಯಲ್ಲಿ ನನ್ನೆದುರು ಕೂತು ಮತ್ತೆ ಜಾಲರಿ ಮಾಡುತ್ತಾಳೆ ಎಂದು ಬರೆದಿದ್ದೆ. ಅವಳನ್ನು ಕೇಳಿದ್ದೆನೇ? ಇಲ್ಲ. 'ಸಮಾರಂಭಕ್ಕೆ ತಪ್ಪದೆ ಬಾರೇ, ನಿಂಗೊಂದು ವಿಷಯ ಹೇಳೋದಿದೆ' ಎಂದು ಫೋನಿನಲ್ಲಿ ಹೇಳಿದಳು. 'ನಂಗೂ ಹೇಳೋದಿದೆ' ಎಂದೆ. ಇಬ್ಬರೂ ನಕ್ಕೆವು. ಅವಳ ವಿಷಯ ಯಾವುದಿರಬಹುದು ಎಂದು ನಾನು ನನಗೆ ಬೇಕಾದ ಹಾಗೆ ತಿಳಿದುಕೊಂಡೆ. ಇರಲಿ, ವಿಷಯಕ್ಕೆ ಬರೋಣ.

ಮೊದಲು ಕುಶಲಕಲೆ. ಜಾಲರಿ ಎಂದರೇನು? ಬೆಳಕು ಬರಬೇಕು, ಗಾಳಿ ಬರಬೇಕು, ಒಳಗೆ ಕೂತವರು ಎದುರುಮನೆಯವರ ಬಾಯಿಗೆ ಬೀಳಬಾರದು. ಇದಕ್ಕಾಗಿ ಮನುಷ್ಯ ಮಾಡಿಕೊಂಡ ಉಪಾಯವೇ ಜಾಲರಿ. ತೆಳ್ಳನೆಯ ಕಡ್ಡಿಗಳು, ಅಡ್ಡ ಮತ್ತು ಉದ್ದ. ಎರಡು ಕಡ್ಡಿ ಹಾಯುವಲ್ಲಿ ಇದರಲ್ಲಿ ಅರ್ಧ, ಅದರಲ್ಲಿ ಅರ್ಧ ಕಚ್ಚು ಕೊರೆದು ಒಂದರೊಳಗೊಂದು ಕೂರಿಸುತ್ತೇವೆ. ಮೊಳೆ ಇಲ್ಲ, ಅಂಟು ಇಲ್ಲ. ಪೇಟೆಯಲ್ಲಿ ಅಂಟು ಬಳಿದ ಜಾಲರಿಯೂ ಸಿಗುತ್ತದೆ, ಅದನ್ನು ಕೊಂಡವರ ಬಗ್ಗೆ ನಾನು ಮಾತನಾಡುವುದಿಲ್ಲ. ಈ ಸಭಾಂಗಣದ ಕಿಟಕಿಗಳಲ್ಲಿರುವುದು ಅದೇ. ಕ್ಷಮಿಸಿ, ಪ್ರಾಂಶುಪಾಲರೇ.

ನಮ್ಮ ಅಪ್ಪನ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಜಾಲರಿಯನ್ನು ಒಬ್ಬರೇ ಮಾಡುವಂತಿಲ್ಲ. ಕೆಲಸದ ಬೆಂಚಿನ ಆಚೆಗೊಬ್ಬರು, ಈಚೆಗೊಬ್ಬರು ಎದುರುಬದುರು ಕೂರಬೇಕು. ಕಡ್ಡಿಗಳು ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯುವುದರಿಂದ ಕೊನೆಯ ಕಡ್ಡಿ ತಾನಾಗಿ ಕೂರುವುದಿಲ್ಲ. ಅದನ್ನು ಬಿಲ್ಲಿನಂತೆ ಬಗ್ಗಿಸಿ, ಎರಡೂ ತುದಿಯನ್ನು ಇಬ್ಬರೂ ಒಂದೇ ಸಲಕ್ಕೆ ಒತ್ತಬೇಕು. ಒಬ್ಬರು ಒಂದು ರೆಪ್ಪೆ ಬಡಿಯುವಷ್ಟು ಮೊದಲು ಒತ್ತಿದರೂ ಲಟಕ್ಕೆಂದು ಮುರಿಯುತ್ತದೆ. ಬೇರೆ ಕೆಲಸಗಾರರು 'ಹ್ಞೂಂ' ಎಂದು ಕೂಗಿ ಒತ್ತುತ್ತಿದ್ದರು. ಅಕ್ಕನೂ ನಾನೂ ಕೂಗುತ್ತಿರಲಿಲ್ಲ. ಅವಳು ಯಾವಾಗ ಒತ್ತುತ್ತಾಳೆಂದು ನನಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಕೇಳಬೇಡಿ, ಗೊತ್ತಾಗುತ್ತಿತ್ತು. 'ಇವೆರಡಕ್ಕೂ ಒಂದೇ ಉಸಿರು ಕಣೋ' ಎಂದು ಅಪ್ಪ ಬಂದವರಿಗೆಲ್ಲ ನಮ್ಮನ್ನು ತೋರಿಸುತ್ತಿದ್ದರು.

ಆಮೇಲೆ ಅಕ್ಕನಿಗೆ ದೂರದ ಊರಿನಲ್ಲಿ ಓದಲು ಜಾಗ ಸಿಕ್ಕಿತು. ಹೋದಳು. ಹೋಗಬೇಕಾದದ್ದೇ. ಅಂಥ ತಲೆ ಇಟ್ಟುಕೊಂಡು ಕಡ್ಡಿ ಕೊರೆಯುತ್ತ ಕೂರಲಾಗುತ್ತದೆಯೇ? ನನ್ನ ತಲೆಯ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಇಂದಿನ ವಿಷಯವೂ ಅದಲ್ಲ.

ಎರಡನೆಯದು ವಿಜ್ಞಾನ. ಭೌತಶಾಸ್ತ್ರದ ಅಧ್ಯಾಪಕರು ಪರದೆಯ ಮೇಲೆ ಬಣ್ಣಬಣ್ಣದ ಗೋಲಿಗಳನ್ನು ತೋರಿಸಿ ಹರಳುಗಳ ಜಾಲಕವನ್ನು ವಿವರಿಸಿದರು. ನನಗೆ ಅದನ್ನು ಹೇಳಿಕೊಟ್ಟದ್ದು ಅಕ್ಕ, ನಮ್ಮ ಅಡುಗೆಮನೆಯಲ್ಲಿ. ರಜೆಗೆ ಬಂದಿದ್ದಳು. ನನ್ನ ಕೈಯಿಂದ ಉಪ್ಪಿನ ಡಬ್ಬಿ ಜಾರಿ ನೆಲದ ತುಂಬ ಚೆಲ್ಲಿತು. ನಾನು ಪೊರಕೆ ಹುಡುಕುತ್ತಿದ್ದರೆ ಇವಳು ನೆಲಕ್ಕೆ ಕೂತು ಒಂದು ಹರಳನ್ನು ಬೆರಳಿಗೆ ಅಂಟಿಸಿಕೊಂಡು, 'ನೋಡೇ, ಇದರೊಳಗೂ ನಮ್ಮ ಜಾಲರೀನೇ ಇರೋದು. ಕಡ್ಡಿ ಇಲ್ಲ ಅಷ್ಟೆ, ಕಡ್ಡಿ ಹಾಯೋ ಜಾಗಗಳು ಮಾತ್ರ' ಎಂದಳು. 'ಕಡ್ಡಿ ಇಲ್ದೆ ಅದು ಹೆಂಗೆ ನಿಲ್ಲುತ್ತೆ?' ಎಂದೆ. 'ಒಂದನ್ನೊಂದು ಎಳ್ಕೊಂಡು ನಿಲ್ಲುತ್ತೆ' ಎಂದಳು. ಹರಳಿನೊಳಗೆ ಎಲ್ಲೋ ಒಂದು ಜಾಗ ಖಾಲಿ ಬಿದ್ದರೆ ಏನಾಗುತ್ತದೆ ಎಂದೂ ಕೇಳಿದೆ. ಸುತ್ತಲಿನವು ಸ್ವಲ್ಪ ಸರಿದು ಹೊಂದಿಕೊಳ್ಳುತ್ತವೆ, ಹರಳೇನೂ ಒಡೆಯುವುದಿಲ್ಲ ಎಂದಳು. ನಿಜ, ಒಡೆಯುವುದಿಲ್ಲ. ಅಪ್ಪ ತೀರಿಕೊಂಡ ಮೇಲೂ ಕಾರ್ಖಾನೆ ಮುಚ್ಚಲಿಲ್ಲ. ಒಬ್ಬಳೇ ಮಾಡಬಹುದಾದ ಸಣ್ಣ ಕಿಟಕಿ, ಕಪಾಟಿನ ಬಾಗಿಲು, ಇಷ್ಟನ್ನೇ ಒಪ್ಪಿಕೊಂಡೆ. ದೊಡ್ಡ ಕೆಲಸ ಬಂದರೆ ಕೈಮುಗಿದು ಕಳಿಸಿದೆ.

ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಟ್ಟುಕೊಂಡೆ. ಯಾರೂ ನಿಲ್ಲಲಿಲ್ಲ. ನನ್ನ ಬಾಯಿ ಸರಿಯಿಲ್ಲ ಎಂದರು. ಬಾಯಿಯೇನೋ ಸರಿಯಾಗಿಯೇ ಇದೆ, ಅವರ ಕೈ ಸರಿಯಿರಲಿಲ್ಲ.

ಕೈಯ ಮಾತು ಬಂತು, ಹೇಳಿಬಿಡುತ್ತೇನೆ. ಮೊದಮೊದಲು ಅಕ್ಕ ರಜೆಗೆ ಬಂದಾಗಲೆಲ್ಲ ಎದುರು ಕೂತು ಒಂದು ಜಾಲರಿ ಮುಗಿಸಿಕೊಟ್ಟೇ ಹೋಗುತ್ತಿದ್ದಳು. ಕೊನೆಯ ಸಲ ಕಡ್ಡಿ ಒತ್ತುವಾಗ ಅವಳ ಕಡೆ ಮುರಿಯಿತು. 'ಅಯ್ಯೋ, ನನ್ನ ಕೈಗೆ ಮರ್ತೇಹೋಗಿದೆ ಕಣೇ' ಎಂದು ನಕ್ಕಳು. 'ಪರವಾಗಿಲ್ಲ ಬಿಡು' ಎಂದೆ. ಇಷ್ಟೇ ನಡೆದದ್ದು. ಆದರೆ ಆವತ್ತು ನಾನು ಮುಖ ಸಿಂಡರಿಸಿಕೊಂಡೆ ಎಂದು ಇವಳು ಇವತ್ತಿಗೂ ಹೇಳುತ್ತಾಳೆ. ನನ್ನ ಮುಖ ಹುಟ್ಟಿದಾಗಿನಿಂದಲೂ ಹೀಗೇ ಇದೆ, ಬೇಕಾದರೆ ಮುಂದಿನ ಸಾಲಿನವರು ನೋಡಿ ಹೇಳಲಿ. ಅದಾದ ಮೇಲೆ ಅವಳು ಬಂದರೂ ಬೆಂಚಿನ ಹತ್ತಿರ ಸುಳಿಯಲಿಲ್ಲ. 'ನಿನ್ನ ಕೆಲಸ ಕೆಡಿಸೋದು ಯಾಕೆ' ಎನ್ನುತ್ತಿದ್ದಳು. ಕೆಡಲಿ ಬಾರೇ, ಕಾಡಿನಲ್ಲಿ ಮರಕ್ಕೇನು ಬರವೇ ಎಂದು ನಾನು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಎಲ್ಲರ ಮುಂದೆ ಹರಿತವಾಗಿರುವ ಈ ಬಾಯಿಗೆ ಆಗ ಏನಾಗಿತ್ತೋ ಕಾಣೆ.

ಮೂರನೆಯದು ಗಣಿತ. ವಿದ್ಯಾರ್ಥಿಗಳೇ, ನಾನು ತಪ್ಪು ಹೇಳಿದರೆ ನಗಬೇಡಿ, ನಿಮ್ಮ ಮೇಡಂ ನಗುತ್ತಾರೆ, ಅಷ್ಟು ಸಾಕು. ಗಣಿತದ ಜಾಲಕದಲ್ಲಿ ಮರವೂ ಇಲ್ಲ, ಉಪ್ಪೂ ಇಲ್ಲ. ಯಾವುದರ ಮೇಲೆ ಯಾವುದು ಎಂಬ ಒಂದು ಕ್ರಮ ಮಾತ್ರ. ಭಾಗಿಸುವ ಸಂಖ್ಯೆ ಕೆಳಗೆ, ಭಾಗವಾಗುವ ಸಂಖ್ಯೆ ಮೇಲೆ ಎಂದಿಟ್ಟುಕೊಂಡು ಅಕ್ಕ ಕೊಟ್ಟ ಉದಾಹರಣೆ ನಾಲ್ಕು ಮತ್ತು ಆರು. ನಾಲ್ಕು ಆರನ್ನು ಭಾಗಿಸುವುದಿಲ್ಲ, ಆರು ನಾಲ್ಕನ್ನು ಭಾಗಿಸುವುದಿಲ್ಲ, ಅಂದರೆ ಈ ಕ್ರಮದಲ್ಲಿ ಇವರಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಆದರೂ ಮೇಲೆ ಹೋದರೆ ಇಬ್ಬರೂ ಹನ್ನೆರಡರಲ್ಲಿ ಸೇರುತ್ತಾರೆ, ಕೆಳಗೆ ಬಂದರೆ ಎರಡರಲ್ಲಿ ಸೇರುತ್ತಾರೆ. 'ಯಾವ ಎರಡನ್ನೇ ತಗೋ, ಮೇಲೊಂದು ಕಡೆ, ಕೆಳಗೊಂದು ಕಡೆ ಸೇರ್ಲೇಬೇಕು. ಇಲ್ಲಾಂದ್ರೆ ಅದನ್ನ ನಾವು ಜಾಲಕ ಅನ್ನೋದೇ ಇಲ್ಲ' ಎಂದಿದ್ದಳು. ಎಂಥ ಒಳ್ಳೆಯ ನಿಯಮ! ಇದನ್ನು ಕೇಳಿದ ದಿನದಿಂದ ನನ್ನ ಮನಸ್ಸಿನಲ್ಲಿ ಲೆಕ್ಕ ಸರಿಹೋಗಿತ್ತು. ನಾವಿಬ್ಬರೂ ಶುರುವಾದದ್ದು ಅಪ್ಪನ ಬೆಂಚಿನಲ್ಲಿ, ಕೊನೆಗೆ ಸೇರುವುದೂ ಅಲ್ಲೇ ಎಂದು. ಎರಡು ಸೇರಲೇಬೇಕು ಎಂದಳೇ ಹೊರತು ನನ್ನ ಕಾರ್ಖಾನೆಯಲ್ಲೇ ಸೇರಬೇಕು ಎಂದು ಅವಳೇನೂ ಹೇಳಿರಲಿಲ್ಲ.

ಇವಳ ನಿವೃತ್ತಿಯ ದಿನ ಗೊತ್ತಾದೊಡನೆ ನಾನು ಮಾಡಿದ ಕೆಲಸ ಕೇಳಿ. ಆಸ್ಪತ್ರೆಯೊಂದರವರು ರೋಗಿಗಳು ಕಾಯುವ ಕೋಣೆಗೆ ಗೋಡೆಯಷ್ಟು ದೊಡ್ಡ ಜಾಲರಿ ಬೇಕೆಂದು ಬಂದರು. ಅಪ್ಪ ಹೋದ ಮೇಲೆ ಮೊದಲ ಬಾರಿಗೆ 'ಆಗುತ್ತೆ' ಎಂದುಬಿಟ್ಟೆ. ಮರ ತರಿಸಿ ಕಡ್ಡಿ ಸೀಳಿದೆ. ಅಕ್ಕ ಕೂರುತ್ತಿದ್ದ ಎದುರುಗಡೆಯ ಮಣೆಯನ್ನು ತಿಕ್ಕಿ ತೊಳೆದೆ. ಅಕ್ಕನಿಗೆ ಈಗ ಬೆನ್ನುನೋವು ಎಂದು ಅದಕ್ಕೊಂದು ಒರಗು ಕೂಡಿಸಿದೆ. ಯಾರನ್ನೂ ಕೇಳದೆ ಮದುವೆ ನಿಶ್ಚಯ ಮಾಡುವ ಹಿರಿಯರಿಗೂ ನನಗೂ ಏನು ವ್ಯತ್ಯಾಸ ಹೇಳಿ!

ಮಾನ್ಯ ಅಧ್ಯಕ್ಷರೇ, ಚೀಟಿ ಕಳಿಸಬೇಡಿ, ಮುಗಿಸುತ್ತೇನೆ. ಸನ್ಮಾನಿತರನ್ನು ಕುರಿತು ಒಂದು ಮಾತು ಹೇಳಿ ಮುಗಿಸುವುದು ವಾಡಿಕೆ.

ಅಕ್ಕಾ, ಇಷ್ಟು ವರ್ಷದಲ್ಲಿ ನಾನು ನಿನ್ನನ್ನ ಒಂದು ಸಲಾನೂ 'ಬಾ' ಅಂತ ಕರೀಲಿಲ್ಲ. ನೀನಾಗೇ ಬರ್ತೀಯ ಅಂದ್ಕೊಂಡಿದ್ದೆ. ಕರೀಲಿಲ್ಲ, ಹಾಗಾದ್ರೆ ನಾನು ಬರೋದು ಇವಳಿಗೆ ಬೇಡ ಅಂತ ನೀನು ಅಂದ್ಕೊಂಡಿದ್ದೀಯೇನೋ. ಈಗ ಕರೀತಿದೀನಿ. ಸಾವಿರ ಜನದ ಮುಂದೆ ಕರೆಯೋದು ಸರಿಯಲ್ಲ, ಗೊತ್ತು. ನೀನೊಬ್ಬಳೇ ಸಿಕ್ಕಿದ್ರೆ ಮತ್ತೆ ಮಾತು ನುಂಗ್ಕೋತೀನಿ, ಅದಕ್ಕೇ. ಕಡ್ಡಿ ಎಷ್ಟು ಬೇಕಾದ್ರೂ ಮುರಿ. ಬಾರೇ. ನೀನಿಲ್ದೆ ನಂಗೆ ತುಂಬಾ ಬೇಜಾರಾಗುತ್ತೆ.

ತಲೆ ಅಲ್ಲಾಡಿಸ್ತಿದೀಯ. ಕಣ್ಣು ಒರೆಸ್ಕೊಂಡು ಅಲ್ಲಾಡಿಸಿದ್ರೂ ಅದು ಇಲ್ಲ ಅಂತಲೇ. ಆಯ್ತು ಬಿಡು. ನಿಂಗೆ ಅಲ್ಲಿ ಕೆಲಸ ಇದೆ, ಆಸೆ ಇದೆ. ಹೋಗ್ಬಾ.

ಸಭಿಕರೇ, ಆಸ್ಪತ್ರೆಯವರಿಗೆ ಮಾತು ಕೊಟ್ಟಾಗಿದೆ, ತಪ್ಪುವಂತಿಲ್ಲ. ನಡುನಡುವೆ ಕಂಬ ನಿಲ್ಲಿಸಿ, ಆ ಜಾಲರಿಯನ್ನು ನಾನೊಬ್ಬಳೇ ಒತ್ತಿ ಕೂರಿಸಬಹುದಾದ ಸಣ್ಣ ಸಣ್ಣ ತುಂಡುಗಳಾಗಿ ಮಾಡುತ್ತೇನೆ. ಕಂಬ ಮೊದಲಿನಿಂದಲೂ ಅಲ್ಲಿರಬೇಕಿತ್ತು ಎಂದೇ ನೋಡಿದವರಿಗೆ ಅನ್ನಿಸುತ್ತದೆ. ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ್ದಕ್ಕೆ ನಿಮಗೆಲ್ಲರಿಗೂ ವಂದನೆಗಳು. ನಮಸ್ಕಾರ.